ಮಧುಗಿರಿ, ಸಿರಾ, ಸಿದ್ಧರಬೆಟ್ಟ: ಒಂದು ದಿನದ ಪ್ರವಾಸ

ಕಾಶಿ, ರಾಮೇಶ್ವರಗಳನ್ನು ಕಂಡುಬಂದವನಿಗೆ ಪಕ್ಕದ ತಾಲ್ಲೂಕಿನ ಮಧುಗಿರಿ ಕೋಟೆಯನ್ನು ಹತ್ತಲು ಪುರಸೊತ್ತಾಗಲಿಲ್ಲವೆಂದರೆ ಓದುಗರು ನಗಬಹುದು. ಆದರೆ ನನ್ನ ವಿಷಯದಲ್ಲಿ ಅದೇ ನಿಜ. ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ, ಕಳೆದ ಮಾಘಮಾಸದಲ್ಲಿ ಆ ಆಸೆ ಕೈಗೂಡಿತು. ತೋವಿನಕೆರೆಯ ನಾವು ಹನ್ನೊಂದು ಮಂದಿ ಹಿರಿಯರು ಒಂದು ಟೆಂಪೋ ಗೊತ್ತುಮಾಡಿಕೊಂಡು, ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು, ಬೆಳಗಿನ ಆರು ಗಂಟೆಗೆ ಹೊರಟೆವು.

ಸ್ಥಳಗಳನ್ನು ತೋರಿಸಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಪಾವಗಡದ ಕಡೆಯ ಹಳ್ಳಿಯೊಂದರಿಂದ ಬಂದು, ನಮ್ಮೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದವನು. ಈಗ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕ. ರಜೆಯ ದಿನಗಳಲ್ಲಿ ಜನರನ್ನು ಕರೆದೊಯ್ದು ಕೋಟೆಕೊತ್ತಲಗಳನ್ನು ತೋರಿಸುವುದು ಅವನ ಹವ್ಯಾಸ. ನಗುವಾಗ ಬಾಯಿಗೆ ಅಡ್ಡವಾಗಿ ಕೈ ಹಿಡಿಯುವ ಅವನ ಅಭ್ಯಾಸ ಹುಡುಗನಾಗಿದ್ದಾಗಿನಿಂದಲೂ ಇದ್ದದ್ದೇ. ನಾಚಿಕೆಯ ಸ್ವಭಾವವೆಂದು ನಾನು ತಿಳಿದಿದ್ದೆ.

ಮಧುಗಿರಿಯ ಬೆಟ್ಟವೆಂದರೆ ಒಂದೇ ಬಂಡೆ; ಸಮುದ್ರಮಟ್ಟದಿಂದ 3,930 ಅಡಿ ಎತ್ತರ. ನಮ್ಮ ಮಂಡಿಗಳು ಒಪ್ಪಿದಷ್ಟು ದೂರ ಹತ್ತಿ, ಒಂದು ಬಾಗಿಲಿನ ನೆರಳಿನಲ್ಲಿ ಕುಳಿತೆವು. ಪಾಳೆಯಗಾರರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ 1678ರಲ್ಲಿ ಬಂದ ಈ ಕೋಟೆಯನ್ನು ಮುಂದೆ ಹೈದರಾಲಿ ಬಲಪಡಿಸಿದನು. ಅದೆಲ್ಲ ನನಗೆ ಗೊತ್ತಿದ್ದ ವಿಷಯವೇ. ಆದರೆ ಅವನು ಮೇಲಕ್ಕೆ ಬೆರಳು ತೋರಿಸಿ, "ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟದ್ದು ಇಲ್ಲೇ, ಮೇಷ್ಟ್ರೇ" ಎಂದನು. 1763ರಲ್ಲಿ ಬಿದನೂರು ಬಿದ್ದ ಮೇಲೆ ಆಕೆಯನ್ನೂ ದತ್ತುಪುತ್ರನನ್ನೂ ಇಲ್ಲಿಗೆ ತಂದರು. 1767ರಲ್ಲಿ ಪೇಶ್ವೆ ಮಾಧವರಾಯನು ಕೋಟೆಯನ್ನು ಹಿಡಿದಾಗ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲಿಯೇ ಆಕೆ ತೀರಿಕೊಂಡಳೆಂದು ಹೇಳುತ್ತಾರೆ. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಣ್ಣುಮಗಳು ನಾಲ್ಕು ಬೇಸಿಗೆಗಳನ್ನು ಈ ಕಾದ ಬಂಡೆಯ ಮೇಲೆ ಕಳೆದಳು.

"ಹೈದರನು 1763ರಲ್ಲಿ ಬಿದನೂರನ್ನು ಗೆದ್ದನು" ಎಂಬ ವಾಕ್ಯವನ್ನು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆ ವಾಕ್ಯದ ಮುಂದಿನ ಭಾಗ ನಮ್ಮ ಪಕ್ಕದ ತಾಲ್ಲೂಕಿನಲ್ಲಿದೆಯೆಂದು ಒಂದು ಸಲವೂ ಮಕ್ಕಳಿಗೆ ಹೇಳಲಿಲ್ಲ.

ಮಧ್ಯಾಹ್ನ ಸಿರಾ. ಬಿಜಾಪುರದವರ ಅಧಿಕಾರಿ ಮಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ, ಪಾಳುಬಿದ್ದ ಕೋಟೆ, ಇವಿಷ್ಟನ್ನು ನೋಡಿದೆವು. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ ಕೋಲಾರ, ಪೆನುಕೊಂಡೆಗಳವರೆಗೆ ಆಳಿದ ಊರು ಇದು. 1761ರಲ್ಲಿ ಹೈದರನಿಗೆ ದೊರೆತ ಪದವಿ 'ಸಿರಾದ ನವಾಬ' ಎಂಬುದು. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿನ ಖಾನ್‌ಬಾಗೇ ಮಾದರಿಯಾಯಿತಂತೆ. ಈಗ ಅಂಥ ತೋಟವೊಂದಿತ್ತೆಂದು ನಂಬುವುದೇ ಕಷ್ಟ.

ಬಿಸಿಲು ಇಳಿದ ಮೇಲೆ ಹಿಂದಿರುಗಿ ಸಿದ್ಧರಬೆಟ್ಟಕ್ಕೆ ಬಂದೆವು. ಗಿಡಮೂಲಿಕೆಗಳ ಬೆಟ್ಟವೆಂದೇ ಹೆಸರಾದ ಈ ಕ್ಷೇತ್ರದ ಗುಹೆಯಲ್ಲಿ ಸಿದ್ಧೇಶ್ವರನ ಸನ್ನಿಧಿಯಿದೆ, ಚಿಲುಮೆಯಿದೆ. ಬೇರುಗಳನ್ನು ಸೋಕಿ ಬರುವ ಆ ನೀರಿನಲ್ಲಿ ಮಿಂದರೆ ರೋಗ ಕಳೆಯುವುದೆಂಬುದು ಜನರ ನಂಬಿಕೆ. ನಿಧಾನವಾಗಿ ಕುಳಿತೇಳುತ್ತ ಹತ್ತಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಹೊರಗೆ ಬಂದು ಕುಳಿತಾಗ ದೇಹ ಹಗುರವಾದದ್ದಂತೂ ನಿಜ.

ಯಾರೋ, "ಈ ನೀರು ಎಲ್ಲವನ್ನೂ ತೊಳೆಯುತ್ತದಂತೆ" ಎಂದರು. ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕನು. "ನನ್ನ ಹಲ್ಲಿನ ಕಲೆ ಮಾತ್ರ ಹೋಗಲಿಲ್ಲ, ಸ್ವಾಮಿ" ಎಂದವನು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಹಲ್ಲುಜ್ಜದೆ ಬಂದೆನೆಂದು ನೀವು ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಿರಿ. ಅಂದು ಅಜ್ಜಿಯ ಮನೆಯಲ್ಲಿ ಇಟ್ಟಿಗೆ ಪುಡಿಯಿಂದ ಉಜ್ಜಿ ಉಜ್ಜಿ ವಸಡಿನಲ್ಲಿ ರಕ್ತ ಬಂತು" ಎಂದನು. ಧ್ವನಿಯಲ್ಲಿ ಕಹಿಯಿರಲಿಲ್ಲ. ನನಗೆ ಆ ಪ್ರಸಂಗದ ನೆನಪೇ ಇರಲಿಲ್ಲ.

ಪಾವಗಡ, ಮಧುಗಿರಿ, ಸಿರಾ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ ಒಂದೂವರೆಯವರೆಗೆ ಸೈರಿಸಬಹುದು ಎಂಬುದು ನಮ್ಮ ದೇಶದ ಅಳತೆ. ಅದಕ್ಕೆ ಮೀರಿದ ನೀರನ್ನು ಎಳವೆಯಲ್ಲಿ ಕುಡಿದರೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಕವಚ ಕೆಡುತ್ತದೆ. ಹಾಗೆ ಮೂಡಿದ ಕಂದುಗಲೆ ಎಷ್ಟು ಉಜ್ಜಿದರೂ ಹೋಗದು. ಅಂಥ ಹಲ್ಲಿನ ಮಕ್ಕಳು ನನ್ನ ತರಗತಿಗಳಲ್ಲಿ ಎಷ್ಟು ಜನ ಇದ್ದರೋ!

"ತಪ್ಪಾಯಿತು ಕಣಪ್ಪ" ಎಂದೆ. "ಬಿಡಿ ಮೇಷ್ಟ್ರೇ, ಆಗ ಯಾರಿಗೆ ಗೊತ್ತಿತ್ತು" ಎಂದನು. ಮನೆಗೆ ಬಂದು ಪುಸ್ತಕ ತಿರುವಿದೆ. 1937ರಲ್ಲಿಯೇ ನೆಲ್ಲೂರಿನ ಕಡೆ ವೈದ್ಯರು ಈ ತೊಂದರೆಯನ್ನು ಗುರುತಿಸಿ ಬರೆದಿದ್ದರು. ನಾನು ಮೇಷ್ಟರಾಗುವುದಕ್ಕೆ ಎಷ್ಟೋ ಮೊದಲಿನ ಮಾತು. ಗೊತ್ತಿಲ್ಲದಿದ್ದವನು ನಾನು, "ನಿಮ್ಮೂರಿನಲ್ಲಿ ಯಾವ ನೀರು ಕುಡಿಯುತ್ತೀರಪ್ಪ?" ಎಂದು ಆ ಹುಡುಗನನ್ನು ಒಂದು ಮಾತು ಕೇಳದವನೂ ನಾನೇ.

ಈಗ ಪಾಠ ಮಾಡುತ್ತಿರುವ ಕಿರಿಯ ಮಿತ್ರರಲ್ಲಿ ಎರಡು ಬಿನ್ನಹಗಳು. ಮಕ್ಕಳನ್ನು ವರ್ಷಕ್ಕೊಮ್ಮೆ ಹತ್ತಿರದ ಬೆಟ್ಟಕ್ಕೆ ಕರೆದೊಯ್ಯಿರಿ. ಗದರುವ ಮೊದಲು ಒಂದು ಪ್ರಶ್ನೆ ಕೇಳಿರಿ. ಮುಂದಿನ ತಿಂಗಳು ಅವನು ನಮ್ಮನ್ನು ಮಿಡಿಗೇಶಿ ಕೋಟೆಗೆ ಕರೆದೊಯ್ಯುತ್ತಾನಂತೆ. ಈ ಸಲ ನಾನು ಟಿಪ್ಪಣಿ ಪುಸ್ತಕ ಹಿಡಿದು, ವಿದ್ಯಾರ್ಥಿಯಾಗಿ ಹೋಗುವವನಿದ್ದೇನೆ.