ಚಾವಿ ತೆಗೆದರೂ ನಿಲ್ಲದ ಹೊಗೆ

ಚಾವಿ ತಿರುಗಿಸಿ ಹೊರಗೆ ಎಳೆದುಕೊಂಡೆ. ಎಂಜಿನ್ ನಿಂತಿತು, ಹೊಗೆ ನಿಲ್ಲಲಿಲ್ಲ. ಆ ಕ್ಷಣ ನನಗಾದ ಗಾಬರಿಗೆ ಅದೇ ಕಾರಣ. ಗಾಡಿ ಬಂದ್ ಮಾಡಿದ ಮೇಲೂ ಉರಿಯುವ ವಸ್ತು ಅದರೊಳಗೆ ಏನಿದ್ದೀತು?

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿಪಲ್ಯ ಕೊಂಡು ಬಿಬವೇವಾಡಿಯ ಗಂಗಾಧಾಮ ಚೌಕದ ಕಡೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅವ್ವ, ಮೊಣಕಾಲು ತೋರಿಸಲೆಂದು ವಿಜಯಪುರದಿಂದ ಬಂದಿದ್ದಳು. ‘ತಮ್ಮಾ, ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ’ ಅಂದಳು. ಮುಂದಿನ ಲಾರಿಯದಿರಬೇಕು ಅನ್ನುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಎಡಗಡೆಯಿಂದ ಹೊಗೆ ಎದ್ದಿತು. ಪ್ಲಾಸ್ಟಿಕ್ಕಿನ ಹೊಗೆ ಗಂಟಲಿಗೆ ಇಳಿದರೆ ಉಸಿರೇ ಕಟ್ಟುತ್ತದೆ. ಮಗಳ ಸಲುವಾಗಿ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿತ್ತು, ಅವ್ವ ಒಳಗಿಂದ ಹಿಡಿ ಎಳೆದೇ ಎಳೆಯುತ್ತಿದ್ದಳು. ಸುತ್ತಿಬಂದು ಹೊರಗಿಂದ ಬಾಗಿಲು ತೆಗೆದು ಅವಳನ್ನು ಅನಾಮತ್ತಾಗಿ ಇಳಿಸಿದೆ.

ಬಾನೆಟ್ ಎತ್ತಿದಾಗ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಒಂದು ಕೆಂಪು ವೈರು ಗುಳ್ಳೆ ಗುಳ್ಳೆಯಾಗಿ ಕರಗುತ್ತಿತ್ತು. ಕಿತ್ತುಹಾಕಲು ಕೈ ಹಾಕಿದೆ. ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿಕೊಂಡಿತು, ಎಳೆದಾಗ ಚರ್ಮವೂ ಬಂತು. ‘ಬಾಜೂಲಾ ವ್ಹಾ!’ (ಪಕ್ಕಕ್ಕೆ ಸರಿಯಿರಿ) ಎನ್ನುತ್ತ ರಿಕ್ಷಾದವರೊಬ್ಬರು ಓಡಿಬಂದರು. ತಮ್ಮ ಸೀಟಿನಡಿಯ 10ರ ಪಾನಾದಿಂದ ಮೈನಸ್ ಟರ್ಮಿನಲ್ ಸಡಿಲಿಸಿ ಎತ್ತಿಬಿಟ್ಟರು. ಅಷ್ಟೇ, ಹೊಗೆ ತಗ್ಗಿತು. ಪ್ಲಸ್ ಬಿಚ್ಚಲು ಹೋಗಿ ಪಾನಾ ಗಾಡಿಯ ಬಾಡಿಗೆ ತಾಗಿದ್ದರೆ ಇನ್ನೊಂದು ಶಾರ್ಟ್ ಆಗುತ್ತಿತ್ತು. ಇಂಥವರ ಹೆಸರು ಕೇಳುವಷ್ಟು ಬುದ್ಧಿ ಆ ಹೊತ್ತಿಗೆ ಇರುವುದಿಲ್ಲ.

ಗಾಡಿ ಸೆಕೆಂಡ್ ಹ್ಯಾಂಡ್. ಡಿಕ್ಕಿಯಲ್ಲಿ ಆಂಪ್ಲಿಫೈಯರ್, ಸಬ್‌ವೂಫರ್ ಎರಡೂ ಮೊದಲೇ ಕೂಡಿಸಿದ್ದವು. ಆಂಪ್ಲಿಫೈಯರಿನ ವೈರು ಚಾವಿಯ ಮೂಲಕ ಬರುವುದಿಲ್ಲ, ನೇರ ಬ್ಯಾಟರಿಯಿಂದಲೇ ಬರುತ್ತದೆ. ಆಮೇಲೆ ಬಿಚ್ಚಿ ನೋಡಿದ ಆಟೋ ಎಲೆಕ್ಟ್ರಿಷಿಯನ್ ನನ್ನನ್ನು ಕರೆದು ತೋರಿಸಿದರು. ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಗೋಡೆಗೆ ತೂತು ಕೊರೆದು, ಅಂಚಿಗೆ ರಬ್ಬರ್ ಬುಷ್ ಕೂಡ ಹಾಕದೆ ವೈರು ತೂರಿಸಿದ್ದರು. ಗಾಡಿ ಅದುರಿದಂತೆಲ್ಲ ತಗಡು ಅದರ ಮೈಯನ್ನು ಕೊಯ್ಯುತ್ತ ಹೋಗಿ ತಾಮ್ರ ತಲುಪಿತ್ತು. ಫ್ಯೂಸ್ ಇತ್ತು, ಆದರೆ ಡಿಕ್ಕಿಯಲ್ಲಿ, ಆಂಪ್ಲಿಫೈಯರಿನ ಮೈಮೇಲೆ. ಶಾರ್ಟ್ ಆದದ್ದು ಅದಕ್ಕಿಂತ ಮೊದಲೇ, ಬ್ಯಾಟರಿಯ ಬಗಲಲ್ಲಿ. ಕರೆಂಟು ಆ ಫ್ಯೂಸಿನವರೆಗೆ ಹೋಗಲೇ ಇಲ್ಲ. ಬ್ಯಾಟರಿ 12 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಸಬಲ್ಲದು.

ಗಾಡಿ ಮಾರಿದವರಿಗೆ ಫೋನ್ ಮಾಡಿದೆ. ತಮ್ಮ ಕೈಯಲ್ಲಿದ್ದಾಗ ಏನೂ ಆಗಿರಲಿಲ್ಲ ಅಂದರು. ಇರಬಹುದು, ಆಗಿನ್ನೂ ತಗಡು ತಾಮ್ರದವರೆಗೆ ಕೊಯ್ದಿರಲಿಲ್ಲ.

ಆಂಪ್ಲಿಫೈಯರನ್ನೇ ಕಿತ್ತೆಸೆಯಿರಿ ಅಂದೆ. ಎಲೆಕ್ಟ್ರಿಷಿಯನ್ ನಕ್ಕು, ಅದರ ತಪ್ಪೇನಿದೆ ಅಂದರು. 400 ವಾಟ್ ಕೊಡಬೇಕಾದರೆ ಅದು ಒಮ್ಮೊಮ್ಮೆ 40-50 ಆಂಪಿಯರ್ ಎಳೆಯುತ್ತದೆ, ಸುಟ್ಟ ವೈರು ಅದಕ್ಕೆ ಸಾಲುವಂಥದ್ದೇ ಅಲ್ಲ. ಅದೂ ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ಮಾಲು. ಅವರು ಅಪ್ಪಟ ತಾಮ್ರದ 4 ಗೇಜ್ ವೈರು ತಂದರು. ತೂತಿಗೆ ರಬ್ಬರ್ ಬುಷ್, ವೈರಿಗೆ ಪ್ಲಾಸ್ಟಿಕ್ ಕೊಳವೆ, ಪ್ಲಸ್‌ನಿಂದ ಒಂದು ಗೇಣಿನೊಳಗೆ 60 ಆಂಪಿಯರ್ ಫ್ಯೂಸ್. ಅರ್ತಿಂಗ್ ವೈರೂ ಅಷ್ಟೇ ದಪ್ಪದ್ದು, ಡಿಕ್ಕಿಯಲ್ಲಿ ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಹಾಕಿದರು. ಫ್ಯೂಸ್ ಹೋದರೆ 100ರದು ಹಾಕಬಹುದೇ ಎಂದು ಕೇಳಿದ್ದಕ್ಕೆ ಅವರ ಮುಖ ಗಂಟಿಕ್ಕಿತು. ಈ ಫ್ಯೂಸ್ ಇರುವುದು ವೈರನ್ನು ಕಾಯಲು, ನಿಮ್ಮ ಹಾಡನ್ನಲ್ಲ ಅಂದರು.

ಅಂಗೈಯ ಗಾಯ ಮಾಯುವವರೆಗೆ ಅವ್ವನೇ ಅನ್ನ ಕಲಸಿ ಕೊಟ್ಟಳು. ಡಾಕ್ಟರ ಹತ್ತಿರ ರಿಕ್ಷಾದಲ್ಲೇ ಹೋಗಿಬಂದಳು. ಊರಿಗೆ ಹೊರಟಾಗ ನಮ್ಮ ಗಾಡಿ ಹತ್ತಿದಳು, ಚೈಲ್ಡ್ ಲಾಕ್ ತೆಗೆಸಿ, ಬಾಗಿಲು ಒಳಗಿಂದ ತೆರೆಯುತ್ತದೋ ಇಲ್ಲವೋ ನೋಡಿದ ಮೇಲೆ.