ಬೀಗದ ಕೈ

ಊರಿನ ಬಾಗಿಲು ಬೇರೆ, ಕೇರಿಯ ಬಾಗಿಲು ಬೇರೆ. ಊರ ದೊಡ್ಡಮನೆಗೆ ಹಲಸಿನ ಮರದ ಜೋಡಿ ಕದ. ಬಡಿಯೋಕೆ ಹೊರಗೆ ಹಿತ್ತಾಳೆ ಬಳೆ, ಮೇಲೆ ಸರಪಳಿ ಚಿಲಕ, ಒಳಗೆ ಅಡ್ಡಕ್ಕೆ ಬೀಳುವ ಅಗಣಿ. ನಮ್ಮ ತಾತಂದಿರ ಕಾಲಕ್ಕೆ ಕೇರಿಯಲ್ಲಿದ್ದದ್ದು ಬಿದಿರಿನ ತಟ್ಟಿ, ಅದಕ್ಕೊಂದು ಹಗ್ಗ. ಹಗ್ಗ ಕಟ್ಟಿದ್ದು ಕಳ್ಳರಿಗಲ್ಲ, ನಾಯಿಗೆ. ಕದಿಯೋಕೆ ಒಳಗೆ ಏನಿತ್ತು? ನಾಕು ಮಡಕೆ, ಒಂದು ಕಂಬಳಿ.

ಬಂದವರು ಬಡಿಯಲಿ ಅಂತಲೇ ಆ ಹಿತ್ತಾಳೆ ಬಳೆ ಇಟ್ಟದ್ದು. ನಮ್ಮವರು ಬಡಿಯಲಿಲ್ಲ. ಅಂಗಳದ ಆಚೆ ನಿಂತು "ಬುದ್ದೀ, ಬಂದಿವ್ನಿ" ಅಂತ ಕೂಗಿದರು. ಆ ಕದದ ಮರವನ್ನು ಕಡಿದು ಹೊತ್ತು ತಂದ ಹೆಗಲು ನಮ್ಮದು. ಹೊರುವಾಗ ಆಗದ ಮೈಲಿಗೆ, ಮರ ಬಾಗಿಲಾಗಿ ನಿಂತ ಮೇಲೆ ಆಯಿತು.

ದೇವರ ಬಾಗಿಲೂ ಹೀಗೇ. 1930ರ ಮಾರ್ಚಿನಲ್ಲಿ ಬಾಬಾಸಾಹೇಬರ ನಾಯಕತ್ವದಲ್ಲಿ ಸಾವಿರಾರು ಜನ ನಾಸಿಕದ ಕಾಳಾರಾಮ ಗುಡಿಗೆ ಬಂದರು. ಗುಡಿಯವರು ಬಾಗಿಲುಗಳನ್ನೇ ಮುಚ್ಚಿಬಿಟ್ಟರು. ವರ್ಷಗಟ್ಟಲೆ ಸತ್ಯಾಗ್ರಹ ನಡೆಯಿತು. ರಾಮನ ಬಾಗಿಲು ನಮಗೆ ತೆರೆಯಲಿಲ್ಲ.

ಈಗ ಕೇರಿಗೂ ತಗಡಿನ ಬಾಗಿಲು ಬಂದಿದೆ, ಅಲಿಗಢದ ಬೀಗ ಬಂದಿದೆ. ನಮ್ಮವ್ವ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಕೂಲಿಗೆ ಹೋಗುತ್ತಾಳೆ. "ಒಳಗೇನೈತವ್ವಾ, ಬೀಗ ಹಾಕೋಕೆ?" ಅಂದರೆ, "ನಿನ್ ಮಾರ್ಕ್ಸ್ ಕಾರ್ಡು ಐತಲ್ಲಪ್ಪಾ" ಅಂತಾಳೆ.

ಆ ಕಾರ್ಡು ಹಿಡಿದು ನಾವು ನಗರಕ್ಕೆ ಬಂದೆವು. ಇಲ್ಲಿ ಕದಕ್ಕೆ ಕರೆಗಂಟೆ. ಯಾರು ಬೇಕಾದರೂ ಒತ್ತಬಹುದು, ಅಂಗಳದಾಚೆ ನಿಂತು ಕೂಗಬೇಕಿಲ್ಲ. ಒತ್ತಿದೆವು. ಬಾಗಿಲೂ ತೆರೆಯಿತು. ಖಾಲಿ ಮನೆಯ ಬೀಗದ ಕೈ ಮಾಲೀಕರ ಬೆರಳಲ್ಲಿ ತೂಗಾಡುತ್ತಿತ್ತು. ಅಡ್ವಾನ್ಸ್ ಮಾತಾಯಿತು, ಬಾಡಿಗೆ ಮಾತಾಯಿತು. "ಅಂದಂಗೆ, ನೀವು ಯಾವ ಪೈಕಿ?" ಹೇಳಿದೆವು. "ಅಯ್ಯೋ, ನಿನ್ನೆ ತಾನೇ ಬೇರೆಯೋರಿಗೆ ಕೊಟ್ಬಿಟ್ವಲ್ಲಾ!" ಬೀಗದ ಕೈ ಜೇಬಿಗೆ ಇಳಿಯಿತು. 'ಮನೆ ಬಾಡಿಗೆಗಿದೆ' ಬೋರ್ಡು ಮಾತ್ರ ಗೇಟಿನ ಮೇಲೇ ಇತ್ತು.

ಕಾನೂನಿಲ್ಲ ಅನ್ನಬೇಡಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಯಾವುದೇ ಬಡಾವಣೆಯಲ್ಲಿ ಒಬ್ಬ ವಾಸಕ್ಕೆ ಮನೆ ಹಿಡಿಯುವುದನ್ನು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಅದರ 4ನೇ ಕಲಮಿನಡಿ ಅಪರಾಧ. ಆದರೆ "ನಿನ್ನೆ ಕೊಟ್ಬಿಟ್ವಿ" ಅನ್ನುವವರ ಮೇಲೆ ಸಾಕ್ಷಿ ಯಾರು? ಹಳೇ ಅಗಣಿ ಮರದ್ದು, ಕಣ್ಣಿಗೆ ಕಾಣುತ್ತಿತ್ತು. ಇದು ನಾಲಿಗೆಯ ಅಗಣಿ. ನಯವಾಗಿ ಬೀಳುತ್ತದೆ, ಸದ್ದೇ ಇಲ್ಲ.

ಗೆಳೆಯರೇ, ನಮ್ಮ ಕನ್ನಡದಲ್ಲಿ ಬಾಗಿಲಿಗೆ ಜಡಿಯುವುದೂ ಬೀಗ, ಹೆಣ್ಣು ಕೊಟ್ಟು ತಂದವರೂ ಬೀಗರು. ಬೀಗ ಜಡಿಯುವವರು ಬೀಗರಾಗುವ ದಿನ ಜಾತಿಯ ಕದ ಬೀಳುತ್ತದೆ. ಅಲ್ಲಿಯತನಕ ನಾವು ಅಂಗಳದಾಚೆ ನಿಂತು ಕೂಗುವವರಲ್ಲ. ಬಡಿಯುತ್ತೇವೆ.