ಹೊರಗಿನ ದೀಪ ಬೇಡ ಅಜ್ಜಿ

ಮೆಲ್ಬರ್ನ್‌ನಲ್ಲಿರುವ ಮಗನ ಮನೆಗೆ ಹೋದ ಮೊದಲ ವಾರವೇ ಮೊಮ್ಮಗಳಿಗೂ ನನಗೂ ಜಗಳ. ಕಾರ್ತಿಕ ಮಾಸ. ಕತ್ತಲಾಗುವ ಹೊತ್ತಿಗೆ ನಾನು ಬಾಗಿಲ ಹೊರಗಿನ ದೀಪ ಹಾಕುವುದು, ಅವಳು ಓಡಿಬಂದು ಆರಿಸುವುದು. ನಮ್ಮ ಕಡೆ ‘ದೀಪ ಆರಿಸು’ ಎನ್ನುವುದೂ ಇಲ್ಲ, ‘ಶಾಂತ ಮಾಡು’ ಎನ್ನುತ್ತೇವೆ!

“ಹೊರಗಿನ ದೀಪ ಬೇಡ ಅಜ್ಜಿ, ಪಾಸಮ್ ಮರಿ ಸಾಯುತ್ತೆ” ಎಂದಳು. ದೀಪಕ್ಕೂ ಪಾಸಮ್‌ಗೂ ಏನು ಸಂಬಂಧ? ಅದು ತಿಳಿದದ್ದು ಮಗ ನಮ್ಮನ್ನೆಲ್ಲ ಮೌಂಟ್ ಹಾಥಮ್ ಬೆಟ್ಟಕ್ಕೆ ಕರೆದುಕೊಂಡು ಹೋದಾಗ.

ಕಾರಿನಲ್ಲಿ ನಾಲ್ಕೂವರೆ ಗಂಟೆ. ನವೆಂಬರ್ ಎಂದರೆ ಅಲ್ಲಿ ವಸಂತ. ಆದರೂ ಬಂಡೆಗಳ ಸಂದಿಯಲ್ಲಿ ಹಿಮ ಉಳಿದಿತ್ತು. ನಾನು ಎರಡು ಸ್ವೆಟರ್ ಹಾಕಿದ್ದೆ. ಆ ಬಂಡೆರಾಶಿಗಳ ಅಡಿಯಲ್ಲೇ ಮೌಂಟನ್ ಪಿಗ್ಮಿ ಪಾಸಮ್‌ನ ವಾಸ. ಕಾಂಗರೂವಿನಂತೆ ಮರಿಯನ್ನು ಹೊಟ್ಟೆಚೀಲದಲ್ಲಿಟ್ಟು ಸಾಕುವ ಪ್ರಾಣಿ. ತೂಕ ಮಾತ್ರ ಒಂದು ನಿಂಬೆಹಣ್ಣಿನಷ್ಟು, ಸುಮಾರು 45 ಗ್ರಾಂ! ಹಿಂದೆ ಇದರ ಪಳೆಯುಳಿಕೆಗಳಷ್ಟೇ ಸಿಕ್ಕಿದ್ದರಿಂದ ಎಂದೋ ಅಳಿದುಹೋಯಿತೆಂದು ನಂಬಿದ್ದರು. 1966ರಲ್ಲಿ ಇದೇ ಬೆಟ್ಟದ ಸ್ಕೀ ವಸತಿಗೃಹವೊಂದರಲ್ಲಿ ಜೀವಂತವಾಗಿ ಸಿಕ್ಕಿತು. ಈಗ ಉಳಿದಿರುವುದು ಸುಮಾರು 2,000 ಎಂದು ಅಂದಾಜು.

ರಸ್ತೆಯ ಅಡಿಯಲ್ಲಿ ಕಲ್ಲು ತುಂಬಿದ ಪುಟ್ಟ ಸುರಂಗವನ್ನು ಮಗ ತೋರಿಸಿದ. ರಸ್ತೆ ಮಾಡಿದಾಗ ಬಂಡೆರಾಶಿ ಹೋಳಾಗಿ, ಕೆಳಗಿನ ಗಂಡುಗಳು ಮೇಲಿನ ಹೆಣ್ಣುಗಳ ಬಳಿಗೆ ಹೋಗುವುದೇ ಕಷ್ಟವಾಯಿತಂತೆ. 1980ರ ದಶಕದಲ್ಲಿ ಈ ದಾರಿ ಮಾಡಿಕೊಟ್ಟರು. ಜನ ಇಟ್ಟ ಹೆಸರು ‘ಪ್ರೇಮ ಸುರಂಗ’. ಸೊಸೆ ಮುಖ ತಿರುಗಿಸಿ ನಕ್ಕಳು.

ಇನ್ನು ದೀಪದ ವಿಷಯ. ಚಳಿಗಾಲವಿಡೀ ಹಿಮದ ಕೆಳಗೆ ಮಲಗಿ, ಹಸಿದು ಏಳುವ ಪಾಸಮ್‌ಗೆ ಹೊಟ್ಟೆ ತುಂಬಿಸುವುದು ಬೊಗಾಂಗ್ ಎಂಬ ಕಂದು ಪತಂಗ. ಬೇಸಗೆಯನ್ನು ತಂಪಾಗಿ ಕಳೆಯಲು ಈ ಪತಂಗಗಳು ದೂರದ ಬಯಲಿನಿಂದ, ಸುಮಾರು ಸಾವಿರ ಕಿಲೋಮೀಟರ್ ಆಚೆಯಿಂದಲೂ, ರಾತ್ರಿ ಹೊತ್ತು ನಕ್ಷತ್ರ ನೋಡಿ ದಾರಿ ಹಿಡಿದು ಬೆಟ್ಟಕ್ಕೆ ಬರುತ್ತವೆ. ನಡುವೆ ಊರಿನ ದೀಪ ಕಂಡರೆ ಅದನ್ನೇ ಸುತ್ತುತ್ತ ಉಳಿದುಬಿಡುತ್ತವೆ. 2017ರ ಹೊತ್ತಿಗೆ ಬರ ಬಿದ್ದು ಪತಂಗಗಳು ಬರುವುದೇ ನಿಂತಂತಾಯಿತು. ತಾಯಿಯ ಚೀಲದಲ್ಲೇ ಎಷ್ಟೋ ಮರಿಗಳು ಸತ್ತವು. ಆಮೇಲೆ ವಿಕ್ಟೋರಿಯಾದ ಮೃಗಾಲಯದವರು, ವಸಂತದಲ್ಲಿ ಹೊರಗಿನ ದೀಪ ಹಾಕಬೇಡಿ ಎಂದು ಜನರನ್ನು ಕೇಳಿಕೊಳ್ಳತೊಡಗಿದರು. ಬರ ನನ್ನ ಕೈಯಲ್ಲಿಲ್ಲ, ಸ್ವಿಚ್ ಇತ್ತು.

ಪಾಸಮ್ ನಮಗೆ ಕಾಣಲಿಲ್ಲ. ಅದು ಓಡಾಡುವುದು ರಾತ್ರಿ.

ಮರುದಿನ ಸಂಜೆ ಹೊಸ್ತಿಲ ಹಣತೆಯನ್ನು ಒಳಗೆ ದೇವರ ಮುಂದೆ ತಂದಿಟ್ಟೆ. ಮೊಮ್ಮಗಳು ಕಿಟಕಿಯ ಪರದೆ ಎಳೆದು ಬಂದಳು.

“ಈಗ ಹಚ್ಚು ಅಜ್ಜಿ.”